ಗಿಡುಗದ ಡಬ್ಬ, ಅಕ್ಕಯ್ಯಮ್ಮನ ಎಣ್ಣೆ

ಅಕ್ಕಯ್ಯಮ್ಮ ಎಣ್ಣೆ ಕಾಯಿಸುವ ದಿನ ಹಿತ್ತಲಿನ ತಡಿಕೆಗೆ ಒಂದು ಹಿಡಿ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದಳು. ಅದು ಕಂಡರೆ ನಮ್ಮೂರಿನಲ್ಲಿ ಯಾರೂ ಆ ಕಡೆ ಹೆಜ್ಜೆ ಇಡುತ್ತಿರಲಿಲ್ಲ. ಹೊರಗಿನವರ ಕಣ್ಣು ಬಿದ್ದರೆ ಹರಳೆಣ್ಣೆ ಮೇಲೆ ಏಳುವುದಿಲ್ಲ ಎಂಬುದು ಆಕೆಯ ಅತ್ತೆಯ ಕಾಲದಿಂದ ಬಂದ ಕಟ್ಟುಪಾಡು. ಊರ ಗೌಡನೇ ಬರಲಿ, ಒಡಹುಟ್ಟಿದ ತಮ್ಮನೇ ಬರಲಿ, ಆಕೆ ಆ ಸೊಪ್ಪನ್ನು ಕಿತ್ತು ಬಿಸಾಕುವವರೆಗೆ ಆಚೆ ನಿಲ್ಲಬೇಕು. ಈ ಕಟ್ಟುಪಾಡಿನಿಂದ ವಿನಾಯಿತಿ ಪಡೆದ ಒಬ್ಬನೇ ಒಬ್ಬ ಮನುಷ್ಯ ನಾನು, ಶ್ರೀನಿವಾಸಪ್ಪ, ಉರಿಗಾಂನ ಚಿನ್ನದ ಗಣಿಯ ಮೋಟಾರ್ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದವನು. ಆಕೆಯ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ಬೇರೆ ಯಾರೂ ಬರೆಯುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮೂರು ಬಂಗಾರಪೇಟೆಯಿಂದ ಎರಡು ಮೈಲಿ. ಅಕ್ಕಯ್ಯಮ್ಮ ಅಲ್ಲಿಗೆ ಸೊಸೆಯಾಗಿ ಬಂದು, ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು, ಅತ್ತೆಯ ಜೊತೆಯಲ್ಲೇ ಉಳಿದವಳು. ಅತ್ತೆ ಆಕೆಗೆ ಕೊಟ್ಟ ಆಸ್ತಿ ಎಂದರೆ ಒಂದು ಒರಳು, ಎರಡು ಮಡಕೆ, ಎಣ್ಣೆ ತೆಗೆಯುವ ಕೈ. ಹರಳು ಬೀಜ ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ತೆಂಗಿನ ಚಿಪ್ಪಿನಲ್ಲಿ ಬಳಿದು ತೆಗೆಯುವುದು ದಿನವಿಡೀ ಹಿಡಿಯುವ ಕೆಲಸ. ವಾರಕ್ಕೊಮ್ಮೆ ಬೆಳಗಿನ ರೈಲು ಹತ್ತಿ ಮಾರಿಕುಪ್ಪಂ ಕಡೆಗೆ ಹೋಗಿ, ಚಾಂಪಿಯನ್ ರೀಫ್ಸಿನ ಗಣಿ ಕೂಲಿಗಳ ಲೈನ್ ಮನೆಗಳಲ್ಲಿ ಮಾರಿಕೊಂಡು ಬರುತ್ತಿದ್ದಳು. ಕೂಸಿನ ನೆತ್ತಿಗೆ, ಬಾಣಂತಿಯ ಸೊಂಟಕ್ಕೆ, ದೇವರ ದೀಪಕ್ಕೆ ಎಲ್ಲಕ್ಕೂ ಅಲ್ಲಿ ಆಕೆಯ ಎಣ್ಣೆಯೇ. ಕನ್ನಡದಲ್ಲಿ ಮಾತು ಶುರು ಮಾಡಿ, ತಮಿಳಿನಲ್ಲಿ ಚೌಕಾಸಿ ಮಾಡಿ, ಜಗಳಕ್ಕೆ ಬಂದವರನ್ನು ತೆಲುಗಿನಲ್ಲಿ ಬೈಯುತ್ತಿದ್ದಳು. ಬೈಗುಳಕ್ಕೆ ತೆಲುಗೇ ಲಾಯಕ್ಕು ಎಂದು ಆಕೆಯ ಅಭಿಪ್ರಾಯ.

ಕೂಸುಗಳ ಎಣ್ಣೆ ಮೋಟಾರ್ ಸೈಕಲ್ಲಿಗೆ ಹೋದದ್ದು ನನ್ನಿಂದ. ಗಣಿಯ ಮೋಟಾರ್ ಕ್ಲಬ್ಬಿನವರು ಸಾವಿರದ ಒಂಬೈನೂರ ಐವತ್ಮೂರರಿಂದ ಪ್ರತಿವರ್ಷ ಸಂಕ್ರಾಂತಿ ಕಳೆದ ಭಾನುವಾರ ಚಿನ್ನ ತೆಗೆದುಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಕೆಳಗಿನ ಮೈದಾನದಲ್ಲಿ ಮೋಟಾರ್ ಸೈಕಲ್ ಮೇಳ ನಡೆಸುತ್ತಿದ್ದರು. ಯುದ್ಧದ ನಂತರ ಹರಾಜಿಗೆ ಬಂದ ಮಿಲಿಟರಿ ಬಂಡಿಗಳೇ ಹೆಚ್ಚು. ಬೆಂಗಳೂರು, ಮದ್ರಾಸಿನಿಂದಲೂ ಸವಾರರು ಬರುತ್ತಿದ್ದರು. ರೇಸಿನ ಬಿಸಿಗೆ ಮಾಮೂಲು ಎಣ್ಣೆ ನೀರಾಗಿಬಿಡುತ್ತದೆ, ಹರಳೆಣ್ಣೆಯಾದರೆ ತಡೆಯುತ್ತದೆ ಎಂದು ಶೆಡ್ಡಿನ ಹಳೆಯ ಮೇಸ್ತ್ರಿ ಹೇಳಿಕೊಟ್ಟಿದ್ದ. ಆದರೆ ಅದರಲ್ಲಿ ನೀರಿನ ಪಸೆ ಇರಬಾರದು. ನಾನು ಹೋಗಿ ಅಕ್ಕಯ್ಯಮ್ಮನ ಮುಂದೆ ಕುಳಿತು ಇಂಜಿನ್ನು ಎಂದರೇನು, ಅದರೊಳಗೆ ಎಷ್ಟು ಬಿಸಿ ಎಂದು ಒಂದು ಗಂಟೆ ಹೇಳಿದೆ. ಆಕೆ ಎಲ್ಲ ಕೇಳಿ ಒಲೆಯ ಮಸಿ ತೆಗೆದು ನನ್ನ ಕಿವಿಯ ಹಿಂದೆ ಒಂದು ಬೊಟ್ಟಿಟ್ಟಳು.

"ನಿನ್ ಕಣ್ಣು ತಣ್ಣಗೈತೆ ಕಣ್ಲಾ ಸೀನಾ. ಬಾ, ಒಲೆ ಪಕ್ಕದಾಗೇ ಕುಂತ್ಕೋ. ಏನ್ ಬೇಕೋ ನೋಡ್ಕೊಂಡು ಯೋಳು."

ಹಾಗೆ ನಾನು ಬೇವಿನ ಸೊಪ್ಪು ದಾಟಿ ಒಳಗೆ ಹೋದವನಾದೆ. ಇಂಜಿನ್ನಿಗೆ ಎಂದು ಆಕೆ ಎಣ್ಣೆಯನ್ನು ಎರಡು ಸಲ ಮರುಕಾಯಿಸುತ್ತಿದ್ದಳು. ಮಡಕೆಯ ಹತ್ತಿರ ಕಿವಿ ತಂದು, ಒಳಗಿನ ಚಟಪಟ ಪೂರ್ತಿ ನಿಲ್ಲುವವರೆಗೆ ಕೇಳುತ್ತಿದ್ದಳು. ನಿಂತ ಮೇಲೂ ಒಂದು ಎಲೆಯಡಿಕೆ ಜಗಿಯುವಷ್ಟು ಹೊತ್ತು ಕಾಯುತ್ತಿದ್ದಳು. ಆಕೆ ಪಾತ್ರೆಯ ವಿಷಯದಲ್ಲಂತೂ ರಾಕ್ಷಸಿ. ಎಳ್ಳೆಣ್ಣೆ, ಸೀಮೆಎಣ್ಣೆ ಏನಿದ್ದ ಪಾತ್ರೆಯೇ ಆಗಲಿ, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ ಎರಡು ಬಿಸಿಲು ಒಣಗಿಸದೆ ಅದಕ್ಕೆ ತನ್ನ ಎಣ್ಣೆ ಸುರಿಯುತ್ತಿರಲಿಲ್ಲ.

"ಬ್ಯಾರೆ ಎಣ್ಣೆ ಜತೆ ಸೇರುದ್ರೆ ಇದು ಒಡೆದ ಆಲಿನಂಗೆ ಆಯ್ತದೆ. ಗಟ್ಟಿ ಗಟ್ಟಿ ತುಣುಕು ಕಟ್ತದೆ. ನಿನ್ನ ಇಂಜಿನ್ನಾಗೂ ಅಂಗೇ ಆದಾತು, ಉಷಾರು" ಎಂದು ಮೊದಲ ವರ್ಷವೇ ಹೇಳಿದ್ದಳು. ಶೆಡ್ಡಿನಿಂದ ನಾನು ಡಬ್ಬ ತೊಳೆಯದೆ ತಂದಾಗಲೆಲ್ಲ ಅದನ್ನೇ ಹೇಳಿ ವಾಪಸ್ಸು ಅಟ್ಟುತ್ತಿದ್ದಳು. ಆ ಮಾತನ್ನು ನಾನು ಕಡಿಮೆಯೆಂದರೂ ಐವತ್ತು ಸಲ ಕೇಳಿದ್ದೇನೆ. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಸುಖವೂ ನನಗಿಲ್ಲ.

ನಮ್ಮ ಸವಾರ ಕುಪ್ಪುಸ್ವಾಮಿ. ಚಾಂಪಿಯನ್ ರೀಫ್ಸಿನ ಗಣಿಯಲ್ಲಿ ಭೂಮಿಯ ಕೆಳಗೆ ಪಂಪು ನೋಡಿಕೊಳ್ಳುತ್ತಿದ್ದ, ಕಡ್ಡಿಯಂಥ ಆಳು. ಏಳನೇ ನಂಬರಿನ ಬಂಡಿ ಅವನದು, ಅದರ ಮೈಕೈ ನೋಡಿಕೊಳ್ಳುವುದು ನನ್ನದು, ಎಣ್ಣೆ ಅಕ್ಕಯ್ಯಮ್ಮನದು. ಮೇಳದ ಬೆಳಿಗ್ಗೆ ಆಕೆ ಮಡಕೆ ಹೊತ್ತು ರೈಲಿನಲ್ಲಿ ಬಂದು, ಎತ್ತಿನಗಾಡಿಯ ಕೀಲಿಗೆ ಹಚ್ಚುವಂತೆ ಮುಂದಿನ ಚಕ್ರದ ಅಚ್ಚಿಗೆ ಮೂರು ಬೆರಳು ಎಣ್ಣೆ ಹಚ್ಚುತ್ತಿದ್ದಳು. ಅದಾದ ಮೇಲೆಯೇ ನಾನು ಇಂಜಿನ್ನಿನ ಎಣ್ಣೆ ಟ್ಯಾಂಕಿಗೆ ಸುರಿಯುವುದು. ಬಂಡಿ ಓಡಲು ಶುರುವಾದರೆ ಮೈದಾನದ ತುಂಬ ಸುಟ್ಟ ಹರಳೆಣ್ಣೆಯ ವಾಸನೆ. ಬಾಣಂತಿ ಕೋಣೆ ಓಡಿ ಬಂದ ಹಾಗಿದೆ ಎಂದು ಬೆಂಗಳೂರಿನ ಸವಾರರು ನಗುತ್ತಿದ್ದರು. ನಾಲ್ಕು ವರ್ಷದಲ್ಲಿ ಮೂರು ಸಲ ಗೆದ್ದವರ ಕಪ್ಪು ಕುಪ್ಪುಸ್ವಾಮಿಗೇ ಬಂದಾಗ ಅವರೂ ನಮ್ಮೂರಿನ ದಾರಿ ಕೇಳಿಕೊಂಡು ಬಂದರು. ಅಕ್ಕಯ್ಯಮ್ಮ ಅವರಿಗೂ ಕೊಟ್ಟಳು. ಅವರ ಬಂಡಿಯ ಅಚ್ಚಿಗೆ ಮಾತ್ರ ಬೆರಳು ಮುಟ್ಟಿಸಲಿಲ್ಲ. ಅದು ನಮ್ಮದಕ್ಕೆ ಮಾತ್ರ ಎಂದಳು. ಆಗ ನಮಗೆ ಏನು ಹೆಮ್ಮೆ!

ಐವತ್ತೆಂಟರಲ್ಲಿ ಗಿಡುಗ ಬಂತು. ಗಿಡುಗ ಮಾರ್ಕಿನ ಮೋಟಾರ್ ಎಣ್ಣೆ ಕಂಪನಿಯವರು ಮೇಳದ ಖರ್ಚೆಲ್ಲ ನಮ್ಮದು ಎಂದರು. ಕಪ್ಪು ಅವರದು, ಶಾಮಿಯಾನ ಅವರದು, ಬ್ಯಾಂಡು ಅವರದು. ಅದಕ್ಕೆ ಬದಲಾಗಿ ಮೈದಾನದಲ್ಲಿ ಗಿಡುಗ ಬಿಟ್ಟು ಬೇರೆ ಯಾವ ಎಣ್ಣೆಯ ಹೆಸರೂ ಕಣ್ಣಿಗೆ ಬೀಳಕೂಡದು, ಯಾವ ಬಂಡಿಗೂ ಬೇರೆ ಎಣ್ಣೆ ಹಾಕಕೂಡದು, ಹಾಕಿದವರಿಗೆ ಬಹುಮಾನವಿಲ್ಲ ಎಂದು ಕ್ಲಬ್ಬಿನವರಿಂದ ಬರೆಸಿಕೊಂಡರು. ಅವರ ಏಜೆಂಟ್ ಬೆಂಗಳೂರಿನವನು, ಬಿಳಿ ಪ್ಯಾಂಟು, ಕೈಯಲ್ಲಿ ಒಂದು ಬೆತ್ತ. ಆ ಮನುಷ್ಯನ ಶಿಸ್ತು ನೋಡಬೇಕಿತ್ತು. ಸೈನೈಡ್ ದಿಬ್ಬದ ಮೇಲೆ ಸುಣ್ಣ ಹಚ್ಚಿದ ಕಲ್ಲುಗಳಿಂದ ರೆಕ್ಕೆ ಬಿಚ್ಚಿದ ಗಿಡುಗ ಬರೆಸಿದ. ತಲೆಗೆ ಹಚ್ಚುವ ಎಣ್ಣೆಯ ಬೋರ್ಡಿದ್ದ ಕ್ಷೌರದಂಗಡಿಗೂ ಗೋಣಿತಾಟು ಹೊದಿಸಿದ. ಕಡಲೆಕಾಯಿ ಮಾರುವವರು ಗಿಡುಗದ ಕರಪತ್ರದಲ್ಲೇ ಪೊಟ್ಟಣ ಕಟ್ಟಬೇಕು ಎಂದ. ಬಂಡಿ ನಿಲ್ಲಿಸುವ ಜಾಗಕ್ಕೆ ಹಗ್ಗ ಕಟ್ಟಿ, ಹಳದಿ ಚೀಟಿ ಇದ್ದವರನ್ನು ಮಾತ್ರ ಒಳಗೆ ಬಿಟ್ಟ.

ಅಕ್ಕಯ್ಯಮ್ಮನಿಗೆ ಹಳದಿ ಚೀಟಿ ಯಾರು ಕೊಡುತ್ತಾರೆ? ಆಕೆ ಮಡಕೆ ಹೊತ್ತು ಹಗ್ಗದ ಆಚೆ, ಮೈದಾನದ ಅಂಚಿನ ಮಾರಿಯಮ್ಮನ ಗುಡಿಯ ಹತ್ತಿರ ನಿಂತಳು.

"ಏನ್ಲಾ ಇದು? ಮಾರಿಯಮ್ಮನ ದೀಪಕ್ಕೂ ಆ ಅಕ್ಕಿ ಎಣ್ಣೇನೇ ಆಕ್ಬೇಕೇನೋ?" ಎಂದು ಗಿಡುಗವನ್ನು ಹಕ್ಕಿ ಮಾಡಿ ರೇಗಿಸಿದಳು.

ನಾನೊಂದು ಉಪಾಯ ಮಾಡಿದೆ. ಗಿಡುಗದ ಕೆಂಪು ಡಬ್ಬ ಒಂದನ್ನು ಮೂರು ದಿನ ಮೊದಲೇ ಖಾಲಿ ಮಾಡಿ, ಆಕೆಯ ಕೈಯಿಂದಲೇ ಬೂದಿ ಹಾಕಿ ತಿಕ್ಕಿಸಿ, ಅದರಲ್ಲಿ ಆಕೆಯ ಎಣ್ಣೆ ತುಂಬಿಸಿದ್ದೆ. ಏಜೆಂಟನ ಕಣ್ಣೆದುರಿಗೇ ಸುರಿದೆ. ಕುಪ್ಪುಸ್ವಾಮಿ ಗೆದ್ದ. ಹದಿನೈದು ದಿನದಲ್ಲಿ ಉರಿಗಾಂನಿಂದ ಬಂಗಾರಪೇಟೆಯವರೆಗೆ ಗೋಡೆಗೋಡೆಗೂ 'ಚಾಂಪಿಯನ್ನರ ಆಯ್ಕೆ ಗಿಡುಗ' ಎಂದು ಪೋಸ್ಟರು ಬಿತ್ತು. ಅಕ್ಕಯ್ಯಮ್ಮ ಓದಲು ಬರದವಳು. ಪೋಸ್ಟರಿನಲ್ಲಿ ಏನಿದೆ ಎಂದು ಕೇಳಿದಳು, ನಾನು ಹೇಳಿದೆ. ಆಕೆ "ಓಗ್ಲಿ ಬಿಡು, ಡಬ್ಬ ಅವರ್ದು, ಎಣ್ಣೆ ನಂದು. ಬಂಡಿಗೆ ಗೊತ್ತೈತಲ್ಲ" ಎಂದಳು. ಆಕೆಗೆ ನೋವಾಗಿತ್ತು. ನನಗೆ ಅದು ಕಂಡಿತು. ಆದರೂ ನನ್ನ ಚಾಲಾಕಿತನಕ್ಕೆ ನಾನೇ ಬೆನ್ನು ತಟ್ಟಿಕೊಳ್ಳುವುದರಲ್ಲಿದ್ದೆ.

ಮುಂದಿನ ವರ್ಷ, ಐವತ್ತೊಂಬತ್ತರ ಮೇಳಕ್ಕೆ ಆಕೆ ಹೊಸ ಹಿತ್ತಾಳೆ ಚೊಂಬು ತಂದಿದ್ದಳು. ಮಡಕೆ ಹಿಡಿದವಳನ್ನು ಹಗ್ಗದ ಆಚೆ ನಿಲ್ಲಿಸುತ್ತಾರೆ, ಚೊಂಬು ಹಿಡಿದರೆ ದೇವಸ್ಥಾನದವಳು ಎಂದು ಬಿಟ್ಟಾರು ಎಂಬ ಆಸೆ. ಬಿಡಲಿಲ್ಲ. ನಾನೇ ಹೋಗಿ ಚೊಂಬು ಇಸಿದುಕೊಂಡು ಬಂದು, ಏಜೆಂಟ್ ಬರುವುದರೊಳಗೆ ಬೇಗ ಬೇಗ ಟ್ಯಾಂಕಿಗೆ ಸುರಿದೆ. ಅರ್ಧ ತುಂಬಿತು. ಉಳಿದದ್ದನ್ನು ಕೆಂಪು ಡಬ್ಬಕ್ಕೆ ತುಂಬಿ ತೋರಿಕೆಗೆ ಸುರಿದರಾಯಿತು ಎಂದು ಲೆಕ್ಕ ಹಾಕಿದ್ದೆ. ಕುಪ್ಪುಸ್ವಾಮಿ ಗುಡಿಯಲ್ಲಿ ಕರ್ಪೂರ ಹಚ್ಚಲು ಹೋಗಿದ್ದ. ರೇಸಿಗೆ ಹತ್ತು ನಿಮಿಷವಿತ್ತು.

ಆಗ ಏಜೆಂಟ್ ಬಂದ. ಜೊತೆಗೆ ಒಬ್ಬ ಫೋಟೋಗ್ರಾಫರ್. ಯಾರೋ ಹೋದ ವರ್ಷದ ಉಪಾಯವನ್ನು ಅವನ ಕಿವಿಗೆ ಹಾಕಿದ್ದರು ಎಂದು ಕಾಣುತ್ತದೆ. ಬಾಯಿ ಒಡೆಯದ ಹೊಸ ಡಬ್ಬವೊಂದನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದ. ನನ್ನೆದುರಿಗೇ ಅದರ ಬಾಯಿ ಕೊಯ್ದು ನನ್ನ ಕೈಗೆ ಕೊಟ್ಟ.

"ಸುರೀರಿ ಶ್ರೀನಿವಾಸಪ್ಪನವರೇ. ಗಿಡುಗ ಈ ಕಡೆ ಕಾಣಬೇಕು, ಕ್ಯಾಮರಾ ಕಡೆಗೆ."

"ಸಾರ್, ಟ್ಯಾಂಕು ತುಂಬಿದೆ" ಎಂದೆ.

ಅವನು ಮುಚ್ಚಳ ತೆಗೆಸಿ ನೋಡಿದ. "ಅರ್ಧ ಇದೆ. ಸುರೀರಿ. ಇಲ್ಲವಾದರೆ ಏಳನೇ ನಂಬರ್ ಓಡೋದಿಲ್ಲ." ಆಮೇಲೆ ದನಿ ತಗ್ಗಿಸಿ, "ಬಂಗಾರಪೇಟೆಗೆ ನಮಗೊಬ್ಬ ಏಜೆಂಟ್ ಬೇಕಾಗಿದ್ದಾನೆ, ನಿಮ್ಮ ಹೆಸರೇ ಮನಸ್ಸಿನಲ್ಲಿದೆ" ಎಂದ.

ಒಳಗಿನ ಹರಳೆಣ್ಣೆಯನ್ನು ಪೂರ್ತಿ ಇಳಿಸಿ, ಪೆಟ್ರೋಲಿನಲ್ಲಿ ತೊಳೆದು, ಆಮೇಲೆ ಬೇರೆ ಎಣ್ಣೆ ಹಾಕಬೇಕು. ಅದಕ್ಕೆ ಮುಕ್ಕಾಲು ಗಂಟೆ ಬೇಕು. ಸಾಲಿನಿಂದ ಬಂಡಿಯನ್ನು ಹಿಂದೆ ತೆಗೆಯಬೇಕು. ಅಥವಾ ಕುಪ್ಪುಸ್ವಾಮಿಯನ್ನು ಕೂಗಿ, ಈ ವರ್ಷ ಬೇಡ ಕಣಪ್ಪ ಎನ್ನಬೇಕು. ಇದೆಲ್ಲ ನನ್ನ ತಲೆಯಲ್ಲಿ ಬಂತು, ಸ್ಪಷ್ಟವಾಗಿ ಬಂತು. ಒಡೆದ ಹಾಲಿನ ಮಾತೂ ಬಂತು. ಆರು ಸುತ್ತು ತಾನೇ, ಅಷ್ಟರಲ್ಲಿ ಏನಾಗುತ್ತದೆ ಎಂದುಕೊಂಡೆ. ಡಬ್ಬ ಬಗ್ಗಿಸಿದೆ. ಫೋಟೋದವನು ಇನ್ನೊಂದು, ಇನ್ನೊಂದು ಎಂದ. ನಾನು ನಕ್ಕೆ ಕೂಡ.

ನಾಲ್ಕನೇ ಸುತ್ತಿನಲ್ಲಿ ದಿಬ್ಬದ ತಿರುವಿನ ಹತ್ತಿರ ಇಂಜಿನ್ನು ಕಚ್ಚಿಕೊಂಡಿತು. ಹಿಂದಿನ ಚಕ್ರ ನಿಂತುಹೋಯಿತು, ಬಂಡಿ ಕುಪ್ಪುಸ್ವಾಮಿಯನ್ನು ಎತ್ತಿ ಎಸೆದು ಅವನ ಬಲಮೊಣಕಾಲಿನ ಮೇಲೇ ಬಿತ್ತು. ನಾನು ಓಡಿದೆ. ನನಗಿಂತ ಮೊದಲು ಹಗ್ಗ ಹಾರಿ ಅಕ್ಕಯ್ಯಮ್ಮ ಅಲ್ಲಿದ್ದಳು. ಚೀಟಿ ಕೇಳಲು ಯಾರೂ ಇರಲಿಲ್ಲ. ಆಕೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಕಡೆ ನೋಡಿ, "ಎಣ್ಣೆ ನಿಂತೋಯ್ತೇನೋ ಸೀನಾ?" ಎಂದಳು. ನಾನು ಬಗ್ಗಿ ಅವನ ಕಾಲ ಮೇಲಿನ ಬಂಡಿ ಎತ್ತತೊಡಗಿದೆ.

ಎರಡು ದಿನದ ಮೇಲೆ ಕ್ಲಬ್ಬಿನ ವರಾಂಡದಲ್ಲಿ ವಿಚಾರಣೆ. ಟ್ಯಾಂಕಿನಿಂದ ಇಳಿಸಿದ ಎಣ್ಣೆಯನ್ನು ಪಿಂಗಾಣಿ ಬಟ್ಟಲಿನಲ್ಲಿ ಇಟ್ಟಿದ್ದರು. ಆಕೆ ಹೇಳಿದ ಹಾಗೇ ಇತ್ತು, ಮಂದವಾಗಿ, ತುಣುಕು ತುಣುಕಾಗಿ. ಏಜೆಂಟ್ ಬೆರಳು ಅದ್ದಿ ಮೂಸಿ, "ಹರಳೆಣ್ಣೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಕಾರ್ಯದರ್ಶಿ ನನ್ನನ್ನು ಕೇಳಿದರು: "ಟ್ಯಾಂಕಿನಲ್ಲಿ ಹರಳೆಣ್ಣೆ ಇದ್ದದ್ದು ನಿಜವೇ?"

"ನಿಜ ಸಾರ್."

"ಎಲ್ಲಿಂದ ತಂದದ್ದು?"

"ನಮ್ಮೂರಿನ ಅಕ್ಕಯ್ಯಮ್ಮನಿಂದ."

ಅವರು ಬಟ್ಟಲಿನ ತುಣುಕುಗಳನ್ನು ನೋಡಿ, ನನ್ನನ್ನು ನೋಡಿದರು. ಅವರೂ ಹಳೆಯ ಸವಾರರು, ಎರಡು ಎಣ್ಣೆ ಬೆರೆತದ್ದು ಅವರಿಗೆ ಗೊತ್ತಾಗಿತ್ತು ಎಂದೇ ನನ್ನ ಅನುಮಾನ. ಆದರೆ ಕ್ಲಬ್ಬಿಗೆ ಮುಂದಿನ ವರ್ಷವೂ ಕಪ್ಪು ಬೇಕಿತ್ತು, ಶಾಮಿಯಾನ ಬೇಕಿತ್ತು. ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಶುದ್ಧವಲ್ಲದ ಹಳ್ಳಿ ಎಣ್ಣೆಯಿಂದ ಅಪಘಾತ ಎಂದು ಬರೆದರು. ನಾನು ಹೇಳಿದ ಎರಡು ಮಾತೂ ಸತ್ಯವೇ. ಸತ್ಯ ಹೇಳಿಯೇ ಒಬ್ಬ ಹೆಂಗಸಿನ ಅನ್ನ ಕಿತ್ತುಕೊಳ್ಳಬಹುದು ಎಂದು ಅವತ್ತು ಕಲಿತೆ.

ಅದಕ್ಕಿಂತ ದೊಡ್ಡ ಪಾಪ ಅದೇ ವಾರ ನಮ್ಮ ಮನೆ ಜಗುಲಿಯ ಮೇಲೆ ನಡೆಯಿತು. ಅಕ್ಕಯ್ಯಮ್ಮ ಬಂದು ಕುಳಿತಳು. ಮುಖ ಇಳಿದುಹೋಗಿತ್ತು.

"ಒಂದ್ ಮಾತು ಯೋಳು ಸೀನಾ. ನಿಂಗೆ ಇಂಜಿನ್ನು ಗೊತ್ತು. ನಾನು ಎಲ್ಲಿ ತಪ್ದೆ? ಎರಡ್ನೇ ಸಲ ಕಾಯ್ಸುವಾಗ ಪಕ್ಕದ ಮನೆ ಕೂಸು ಅತ್ತಿತ್ತು, ಒಸಿ ಗ್ಯಾನ ಅತ್ತಾಗೆ ಓಯ್ತು. ನೀರು ಉಳ್ಕಂತೇನೋ?"

ನಾನು ಆಕೆಯ ಕಾಲು ಹಿಡಿಯಬೇಕಿತ್ತು. ಅದರ ಬದಲು, "ಇದ್ದರೂ ಇರಬಹುದು ಅಕ್ಕಾ" ಎಂದೆ.

ಈ ಮಾತನ್ನು ಈಗ ಬರೆಯುವಾಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ. ಯಾರೂ ಹೆದರಿಸಿರಲಿಲ್ಲ, ಏಜೆಂಟ್ ಹತ್ತಿರದಲ್ಲಿರಲಿಲ್ಲ. ಜಗುಲಿಯ ಮೇಲೆ ಇದ್ದವರು ನಾವಿಬ್ಬರೇ. ಆಕೆ ತಲೆ ಆಡಿಸಿ, ಎದ್ದು ಹೋದಳು. ಅವತ್ತೇ ಎರಡೂ ಮಡಕೆಗಳನ್ನು ಬೇಲಿಯ ಆಚೆ ಒಡೆದು ಹಾಕಿದಳು ಎಂದು ಅಮ್ಮಾಜಮ್ಮ, ನನ್ನ ಹೆಂಡತಿ, ನೀರು ತರಲು ಹೋದಾಗ ನೋಡಿ ಬಂದು ಹೇಳಿದಳು.

ಸುದ್ದಿ ಆಕೆಗಿಂತ ಮೊದಲೇ ರೈಲು ಹತ್ತಿ ಹೋಗಿತ್ತು. ಇಂಜಿನ್ನನ್ನೇ ಕಚ್ಚಿಸಿದ ಎಣ್ಣೆ ಕೂಸಿನ ಹೊಟ್ಟೆಗೆ ಹಾಕುತ್ತೀಯಾ ಎಂದು ಲೈನ್ ಮನೆಗಳ ನಲ್ಲಿಯ ಹತ್ತಿರ ಹೆಂಗಸರು ಮಾತಾಡಿಕೊಂಡರಂತೆ. ಆಕೆ ಮಾರಲು ಹೋಗಿದ್ದರಲ್ಲವೇ ಅವರು ಬೇಡ ಎನ್ನುವುದು? ಹೋಗಲೇ ಇಲ್ಲ. ಐವತ್ತರ ಹತ್ತಿರದ ವಯಸ್ಸಿನಲ್ಲಿ ಕಂಡವರ ಹೊಲದಲ್ಲಿ ಕಳೆ ಕೀಳುವ ಕೂಲಿಗೆ ನಿಂತಳು. ಆದರೆ ಶನಿವಾರ ಮಾತ್ರ ರೈಲು ತಪ್ಪಿಸಲಿಲ್ಲ. ಅಂಗಡಿಯಿಂದ ಎಳ್ಳೆಣ್ಣೆ ಕೊಂಡು, ಚಾಂಪಿಯನ್ ರೀಫ್ಸಿಗೆ ಹೋಗಿ ಕುಪ್ಪುಸ್ವಾಮಿಯ ಮೊಣಕಾಲಿಗೆ ತಿಕ್ಕಿ ಬರುತ್ತಿದ್ದಳು. ಮಡಿಸಲಾರದ ಆ ಕಾಲನ್ನು ಇಟ್ಟುಕೊಂಡು ಅವನು ಈಗ ಮೇಲೆ, ಗಣಿಯವರ ದೀಪ ಕೊಡುವ ಕೋಣೆಯಲ್ಲಿ ಕೆಲಸಕ್ಕಿದ್ದ. ನೋವಿಗೆ ಹರಳೆಣ್ಣೆಯೇ ಒಳ್ಳೆಯದು ಎಂದು ಅವನೇ ಕೇಳಿದರೂ ಆಕೆ, "ನನ್ನೆಣ್ಣೆ ಬ್ಯಾಡಪ್ಪ ನಿಂಗೆ" ಎನ್ನುತ್ತಿದ್ದಳಂತೆ.

ನಾನು? ನಾನು ಅರವತ್ತರಲ್ಲಿ ಬಂಗಾರಪೇಟೆ ಸ್ಟೇಷನ್ನಿನ ಎದುರು ಗಿಡುಗ ಏಜೆನ್ಸಿಯ ಅಂಗಡಿ ತೆರೆದೆ. ಕಂಪನಿಯವರು ಕಟ್ಟು ಹಾಕಿಸಿದ ಒಂದು ದೊಡ್ಡ ಫೋಟೋ ಕೊಟ್ಟರು. ಏಳನೇ ನಂಬರಿನ ಬಂಡಿ, ಕೆಂಪು ಡಬ್ಬ, ಡಬ್ಬ ಬಗ್ಗಿಸುತ್ತ ಹಲ್ಲು ಬಿಟ್ಟ ನಾನು. ಗೆದ್ದ ವರ್ಷದ್ದು ಎಂದು ಕೇಳಿದವರಿಗೆಲ್ಲ ಹೇಳಿದೆ. ಕಳ್ಳತನದ ಸಾಕ್ಷಿಯನ್ನು ಕಳ್ಳನೇ ಗೋಡೆಗೆ ಮೊಳೆ ಹೊಡೆದು ತೂಗುಹಾಕಿ, ಶುಕ್ರವಾರ ಶುಕ್ರವಾರ ಹೂ ಮುಡಿಸಿದ ಹಾಗೆ. ಮೇಳ ಇನ್ನೆರಡು ವರ್ಷ ನಡೆದು ನಿಂತುಹೋಯಿತು. ಗಿಡುಗಕ್ಕೆ ಬೇರೆ ಊರುಗಳಲ್ಲಿ ಬೇರೆ ಮೇಳ ಸಿಕ್ಕಿತು.

ಅರವತ್ತೇಳರ ಒಂದು ಶನಿವಾರ ಬೆಳಿಗ್ಗೆ, ರೈಲು ತಡ ಎಂದು ಅಕ್ಕಯ್ಯಮ್ಮ ಮೊದಲ ಸಲ ನನ್ನ ಅಂಗಡಿಯ ಮೆಟ್ಟಿಲು ಹತ್ತಿದಳು. ಕೈಯಲ್ಲಿ ಎಳ್ಳೆಣ್ಣೆಯ ಸೀಸೆ. ನಾನು ಸ್ಟೂಲು ಕೊಟ್ಟೆ, ಕಾಫಿ ತರಿಸಿದೆ. ಆಕೆ ಸುತ್ತಮುತ್ತ ನೋಡುತ್ತ ಫೋಟೋದ ಮುಂದೆ ನಿಂತಳು. ತುಂಬ ಹತ್ತಿರ ಹೋಗಿ, ಕೆಳಗಿನ ಮೂಲೆಯಲ್ಲಿ ಬೆರಳಿಟ್ಟಳು. ಅಲ್ಲಿ ಚಕ್ರದ ಪಕ್ಕದಲ್ಲಿ ನೆಲದ ಮೇಲೆ ಒಂದು ಹಿತ್ತಾಳೆ ಚೊಂಬು ಇತ್ತು. ಏಳು ವರ್ಷದಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಇದು ನನ್ ಚೊಂಬು. ಬಿದ್ದ ವರ್ಷಾನೇ ತಂದಿದ್ದು. ಗೆದ್ದ ವರ್ಷ ಮಡಕೆ ಇತ್ತು." ಆಕೆ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಬರೀ ತಿಳಿದುಕೊಳ್ಳುವ ಆಸೆ. "ಆ ಡಬ್ಬದಾಗೆ ಇರೋದೂ ನನ್ನೆಣ್ಣೇನೇ ಅಲ್ವಾ? ಗೆದ್ದ ವರ್ಷದಂಗೇ ತುಂಬ್ಸಿದ್ದೆ ಅಲ್ವಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆಕೆ ನನಗೆ ತಪ್ಪಿಸಿಕೊಳ್ಳುವ ಬಾಗಿಲನ್ನು ತಾನೇ ತೆರೆದು ಹಿಡಿದಿದ್ದಳು, ನಾನು ಅಂಥವನಲ್ಲ ಎಂದು ನಂಬಿ.

"ಇಲ್ಲ ಅಕ್ಕಾ. ಅದು ಗಿಡುಗದ ಎಣ್ಣೆ. ಒಳಗೆ ನಿನ್ನ ಎಣ್ಣೆ ಅರ್ಧ ಇತ್ತು. ಅದರ ಮೇಲೆ ಸುರಿದೆ. ಗೊತ್ತಿದ್ದೇ ಸುರಿದೆ. ನಿನ್ನ ಎಣ್ಣೆಯಲ್ಲಿ ನೀರಿರಲಿಲ್ಲ. ನೀನು ಎಲ್ಲೂ ತಪ್ಪಿರಲಿಲ್ಲ."

ಆಕೆ ಸ್ಟೂಲಿನ ಮೇಲೆ ಕುಳಿತಳು. ಬೈಯುತ್ತಾಳೆ ಎಂದು ಕಾದೆ. ತೆಲುಗಿನಲ್ಲಿ ಬೈಯಲಿ, ಬೀದಿಯವರೆಲ್ಲ ಕೇಳಲಿ ಎಂದು ಬೇಡಿಕೊಂಡೆ. ಆಕೆ ಕೈಯಲ್ಲಿದ್ದ ಎಳ್ಳೆಣ್ಣೆ ಸೀಸೆಯನ್ನು ನೋಡುತ್ತಿದ್ದಳು.

"ಅಂಗಾದ್ರೆ ಆ ಕಾಲ್ಗೆ ನಾನು ನನ್ನೆಣ್ಣೇನೇ ಅಚ್ಬೋದಾಗಿತ್ತು" ಎಂದಳು. "ಎಂಟು ವರ್ಷ. ಒಸಿ ಮಡಿಸೋಂಗಾದ್ರೂ ಆಯ್ತಿತ್ತೇನೋ."

ರೈಲು ಬಂತು. ಆಕೆ ಎದ್ದು, "ಬಾ, ಅವ್ನಿಗೂ ನೀನೇ ಯೋಳು" ಎಂದಳು. ಅಂಗಡಿಯನ್ನು ತೆರೆದೇ ಬಿಟ್ಟು ಹಿಂದೆ ಹೋದೆ. ಮಾರಿಕುಪ್ಪಂ ರೈಲಿನಲ್ಲಿ ಎದುರುಬದುರು ಕುಳಿತಿದ್ದೆವು. ಚಾಂಪಿಯನ್ ಸ್ಟೇಷನ್ ಬರುವವರೆಗೆ ಆಕೆ ಕಿಟಕಿಯ ಆಚೆಯೇ ನೋಡುತ್ತಿದ್ದಳು.

ಕುಪ್ಪುಸ್ವಾಮಿ ಕಾಲು ಚಾಚಿ ಹೊಸಿಲ ಮೇಲೆ ಕುಳಿತಿದ್ದ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅವನು ಕೇಳಿ ಮುಗಿಸಿ, "ಡಬ್ಬ ಸುರಿಯುವಾಗ ನಾನು ಎಲ್ಲಿದ್ದೆ ಅಣ್ಣೇ?" ಎಂದ.

"ಗುಡಿ ಹತ್ತಿರ, ಕರ್ಪೂರ ಹಚ್ಚುತ್ತಿದ್ದೆ."

"ಅಷ್ಟು ಹತ್ತಿರ ಇದ್ದೆನಾ? ಒಂದು ಕೂಗು ಹಾಕಬಾರದಾ, ಅಣ್ಣೇ? ನಾನು ಓಡೋದೇ ಬೇಡ ಅಂತ ಬಿಟ್ಟುಬಿಡ್ತಿದ್ದೆ." ಅಷ್ಟು ಹೇಳಿ ಅವನು ಅಕ್ಕಯ್ಯಮ್ಮನ ಕೈ ಹಿಡಿದು, ತಮಿಳಿನಲ್ಲಿ ಏನೋ ಹೇಳುತ್ತ ಅಳತೊಡಗಿದ. ನನ್ನ ಕಡೆ ಮತ್ತೆ ನೋಡಲಿಲ್ಲ.

ಆ ವಾರವೇ ಫೋಟೋ ಇಳಿಸಿದೆ, ಏಜೆನ್ಸಿ ಬಿಟ್ಟೆ, ಕ್ಲಬ್ಬಿಗೆ ಹೋಗಿ ನಡೆದದ್ದನ್ನು ಬರೆದುಕೊಟ್ಟೆ. ಹಳೆಯ ಕಾರ್ಯದರ್ಶಿ ಊರು ಬಿಟ್ಟು ಹೋಗಿದ್ದರು. ಹೊಸಬರು ಕಾಗದ ಓದಿ, ಯಾವ ಮೇಳ, ಯಾವ ಅಕ್ಕಯ್ಯಮ್ಮ ಎಂದು ಕೇಳಿದರು. ಲೈನ್ ಮನೆಗಳ ನಲ್ಲಿಯ ಹತ್ತಿರವೂ ಹೋಗಿ ಹೇಳಿದೆ. ಅಲ್ಲಿದ್ದ ಚಿಕ್ಕ ವಯಸ್ಸಿನ ತಾಯಂದಿರು ಅಂಗಡಿಯ ಸೀಸೆಯ ಎಣ್ಣೆ ತರುವವರು. ಅವರಿಗೆ ನಾನು ಯಾವುದೋ ಹುಚ್ಚನ ಹಾಗೆ ಕಂಡಿರಬೇಕು.

ಅಕ್ಕಯ್ಯಮ್ಮ ಹೊಸ ಮಡಕೆ ಕೊಂಡಿದ್ದಾಳೆ ಎಂದು ಅಮ್ಮಾಜಮ್ಮ ಹೇಳಿದಾಗ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಸಂತೆಯಲ್ಲಿ ಒಳ್ಳೆಯ ಹರಳು ಬೀಜ ಒಂದು ಮೂಟೆ ತೆಗೆದುಕೊಂಡು, ಹೊತ್ತುಕೊಂಡು ಆಕೆಯ ಹಿತ್ತಲಿಗೆ ಹೋದೆ. ಮಧ್ಯಾಹ್ನ. ಒಲೆಯ ಹೊಗೆ ಏಳುತ್ತಿತ್ತು. ಹುರಿದ ಹರಳಿನ ವಾಸನೆ, ಎಂಟು ವರ್ಷದ ಮೇಲೆ. ತಡಿಕೆಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಹಳೆಯ ಅಭ್ಯಾಸ, ನಾನು ಸೊಪ್ಪನ್ನು ಪಕ್ಕಕ್ಕೆ ಸರಿಸಿ ಒಳಗೆ ಕಾಲಿಡಲು ಹೋದೆ.

ಮಡಕೆಗೆ ಕಿವಿಯಿಟ್ಟು ಕುಳಿತಿದ್ದ ಅಕ್ಕಯ್ಯಮ್ಮ ತಲೆ ಎತ್ತದೆಯೇ ಕೈ ಅಡ್ಡ ಹಿಡಿದಳು.

"ಅಲ್ಲೇ ನಿಂತ್ಕೋ ಸೀನಾ. ಇದು ಕುಪ್ಪುಸ್ವಾಮಿ ಕಾಲ್ಗೆ."

ಮೂಟೆಯನ್ನು ತಡಿಕೆಯ ಪಕ್ಕದಲ್ಲಿ ಇಳಿಸಿದೆ. ಸರಿಸಿದ್ದ ಬೇವಿನ ಸೊಪ್ಪನ್ನು ಮೊದಲಿದ್ದ ಹಾಗೇ ಸಿಕ್ಕಿಸಿ, ಊರಿನ ಉಳಿದವರಂತೆ ಆಚೆ ಬಂದು ನಿಂತೆ.